ಮೊದಲು ತಿಂಡಿ, ಆಮೇಲೆ ಮಾತು: ಈಸ್ಟರ್ ಕುರಿತ ಓದುಗರ ಪ್ರಶ್ನೆಗಳು

ಈ ಸಲದ ಅಂಚೆಯಲ್ಲಿ ಯೇಸುಸ್ವಾಮಿಯ ಪುನರುತ್ಥಾನದ ಹಬ್ಬವಾದ ಈಸ್ಟರ್ ಬಗ್ಗೆ ಕೇಳಿದವರೇ ಹೆಚ್ಚು. ಒಂದೇ ಅರ್ಥದ ಪತ್ರಗಳನ್ನು ಸೇರಿಸಿ ಎಂಟು ಪ್ರಶ್ನೆಗಳನ್ನು ಆರಿಸಿದ್ದೇವೆ. ವಿಧಿ-ನಿಯಮದ ಮಾತು ಬಂದಲ್ಲಿ ಕಥೋಲಿಕ ಕ್ರಮವನ್ನು ಹೇಳಿದ್ದೇವೆ. ಸಿಎಸ್‌ಐ, ಮೆಥಡಿಸ್ಟ್ ಮುಂತಾದ ಸಭೆಗಳವರು ತಮ್ಮ ಸಭಾಪಾಲಕರನ್ನು ಒಂದು ಮಾತು ಕೇಳಿಕೊಳ್ಳಿ.

ಪ್ರಶ್ನೆ: ಆಫೀಸಿನ ಗೆಳೆಯರು "ನಿಮ್ಮ ಪುನರುತ್ಥಾನ, ನಮ್ಮ ಪುನರ್ಜನ್ಮ ಎರಡೂ ಒಂದೇ ಬಿಡಿ" ಅಂದರು. ಅಲ್ಲ ಅಂತ ಗೊತ್ತು, ಬಾಯಲ್ಲಿ ಹೇಳೋಕೆ ಬರಲಿಲ್ಲ. ಊಟದ ಬಿಡುವಿನಲ್ಲಿ ಹೇಳುವಷ್ಟು ಚಿಕ್ಕದಾಗಿ ತಿಳಿಸಿ. – ಓದುಗ, ಹಾಸನ

ಪದದಿಂದಲೇ ಶುರು ಮಾಡಿ. ಉತ್ಥಾನ ಅಂದರೆ ಏಳುವುದು. ಕಾರ್ತಿಕದ ತುಳಸಿ ಪೂಜೆಯ ದಿನವನ್ನು ಉತ್ಥಾನ ದ್ವಾದಶಿ ಅನ್ನುತ್ತೇವಲ್ಲ, ಮಲಗಿದ ದೇವರು ಏಳುವ ದಿನ, ಅದೇ ಪದ. ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿರುವ 'ಅನಾಸ್ತಾಸಿಸ್' ಎಂಬುದಕ್ಕೂ ಎದ್ದು ನಿಲ್ಲುವುದು ಎಂದೇ ಅರ್ಥ. ಜನ್ಮದಲ್ಲಿ ಹುಟ್ಟುವವನು ಬೇರೆ ತಾಯಿಯ ಮಗ, ಬೇರೆ ಹೆಸರಿನವನು. ಉತ್ಥಾನದಲ್ಲಿ ಏಳುವವನು ಮಲಗಿದವನೇ. ಪುನರ್ಜನ್ಮದಲ್ಲಿ ದೇಹ ಕಳಚಿಡುವ ಬಟ್ಟೆ, ಪುನರುತ್ಥಾನದಲ್ಲಿ ದೇಹವೂ ಉದ್ಧಾರವಾಗುತ್ತದೆ. ಅದು ಮತ್ತೆ ಮತ್ತೆ ಬರುವ ಸರದಿ, ಇದು ಒಂದೇ ಸಲ, ತಿರುಗಿ ಸಾವಿಲ್ಲ. ಊಟದ ಬಿಡುವಿಗೆ ಇಷ್ಟು ಸಾಕು.

ನಿಮಗಾಗಿ ಇನ್ನೆರಡು ಮಾತು. ಯೇಸುಸ್ವಾಮಿ ಬದುಕಿಸಿದ ಲಾಜರ ಸಮಾಧಿಯಿಂದ ಹೊರಬಂದದ್ದು ಈ ಅರ್ಥದ ಪುನರುತ್ಥಾನವಲ್ಲ. ಅವನು ಹಳೆಯ ಬದುಕಿಗೇ ಮರಳಿದ, ಮುಂದೆ ಮತ್ತೆ ಸತ್ತ. ಯೇಸುಸ್ವಾಮಿಯ ವಿಷಯದಲ್ಲಿ ಶುಭಸಂದೇಶಗಳು ಹೇಳುವುದು ವಿಚಿತ್ರವಾಗಿದೆ. ಬಾಗಿಲು ಹಾಕಿದ ಕೋಣೆಯೊಳಗೆ ಅವರು ಬಂದು ನಿಲ್ಲುತ್ತಾರೆ, ಅಂದರೆ ದೇಹ ಮೊದಲಿನಂತಿಲ್ಲ. ಆದರೆ ಬೇಯಿಸಿದ ಮೀನಿನ ತುಂಡನ್ನು ಶಿಷ್ಯರ ಕಣ್ಣೆದುರೇ ತಿನ್ನುತ್ತಾರೆ (ಲೂಕ 24), ಅಂದರೆ ದೆವ್ವವೂ ಅಲ್ಲ. ಮಗ್ದಲದ ಮರಿಯಳಿಗೆ ಮೊದಲು ಗುರುತು ಹತ್ತದೆ ತೋಟಗಾರ ಅಂದುಕೊಳ್ಳುತ್ತಾಳೆ, ಹೆಸರು ಹಿಡಿದು ಕರೆದಾಗ ಗೊತ್ತಾಗುತ್ತದೆ. ಕೈಯಲ್ಲಿ ಮೊಳೆಯ ಗಾಯ ಹಾಗೇ ಇದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಇದಕ್ಕೆ ಕಾಳಿನ ಹೋಲಿಕೆ ಕೊಡುತ್ತಾರೆ: ಬಿತ್ತಿದ್ದು ಕಾಳು, ಎದ್ದದ್ದು ಪೈರು. ಪೈರು ಕಾಳಿನಂತೆ ಕಾಣದು, ಆದರೆ ಬೇರೆ ಕಾಳಿನದೂ ಅಲ್ಲ.

ಗೆಳೆಯರಿಗಿಂತ ನಮ್ಮವರೇ ಇಲ್ಲಿ ಹೆಚ್ಚು ಎಡವುತ್ತಾರೆ ಎಂದು ನಮ್ಮ ಅನಿಸಿಕೆ. "ಆತ್ಮ ಸ್ವರ್ಗಕ್ಕೆ ಹೋಯಿತು, ದೇಹ ಮಣ್ಣಾಯಿತು, ಮುಗೀತು" ಅನ್ನುತ್ತಾರೆ. ವಿಶ್ವಾಸ ಪ್ರಮಾಣದಲ್ಲಿ ನಾವು ಹೇಳುವುದು ಶರೀರದ ಪುನರುತ್ಥಾನ. ಕೆಳಗಿನ ಎಷ್ಟೋ ಉತ್ತರಗಳು ಆ ಒಂದು ಪದದ ಮೇಲೆ ನಿಂತಿವೆ.

ಪ್ರಶ್ನೆ: ಕ್ರಿಸ್ಮಸ್‌ಗೆ ಡಿಸೆಂಬರ್ 25 ಇದೆ. ಈಸ್ಟರ್ ಮಾತ್ರ ಯಾಕೆ ಓಡಾಡುತ್ತದೆ? ಮನೆಯಲ್ಲೇ ಲೆಕ್ಕ ಹಾಕಬಹುದೇ? – ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಹಾಕಬಹುದು. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಅದು ಕಳೆದ ಮೇಲಿನ ಮೊದಲ ಭಾನುವಾರ. ಹುಣ್ಣಿಮೆ ಭಾನುವಾರವೇ ಬಿದ್ದರೆ ಮುಂದಿನ ಭಾನುವಾರ. ಹಾಗಾಗಿ ಈಸ್ಟರ್ ಮಾರ್ಚ್ 22ಕ್ಕಿಂತ ಮೊದಲು ಬರದು, ಏಪ್ರಿಲ್ 25 ದಾಟದು. ಎಲ್ಲ ಸಭೆಗಳೂ ಒಂದೇ ಭಾನುವಾರ ಆಚರಿಸಬೇಕೆಂದು 325ರ ನೈಸೀಯ ಮಹಾಸಭೆ ನಿರ್ಧರಿಸಿತ್ತು.

ನಮ್ಮ ಪಂಚಾಂಗದ ಕಣ್ಣಲ್ಲಿ ನೋಡಿದರೆ ಸುಲಭ. ಈಸ್ಟರ್ ಸಾಮಾನ್ಯವಾಗಿ ಹೋಳಿ ಹುಣ್ಣಿಮೆಯ ಅಥವಾ ದವನದ ಹುಣ್ಣಿಮೆಯ ಬೆನ್ನಿಗೆ ಬರುತ್ತದೆ. 2026ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 2, ಈಸ್ಟರ್ ಏಪ್ರಿಲ್ 5. 2027ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 22, ಈಸ್ಟರ್ ಮಾರ್ಚ್ 28, ಅಂದರೆ ಯುಗಾದಿಗೂ ಮೊದಲೇ.

ಎಚ್ಚರ ಬೇಕಾದ್ದು ಒಂದೇ ಕಡೆ: ಸಭೆ ಲೆಕ್ಕ ಹಾಕುವುದು ಆಕಾಶದ ಚಂದ್ರನಿಂದಲ್ಲ, 19 ವರ್ಷದ ಆವರ್ತದ ಪಟ್ಟಿಯಿಂದ. 2019ರ ಮಾರ್ಚ್ 21ರಂದು ಆಕಾಶದಲ್ಲಿ ಹುಣ್ಣಿಮೆ ಇತ್ತು, ಪಟ್ಟಿಯ ಹುಣ್ಣಿಮೆ ಏಪ್ರಿಲ್ 18ಕ್ಕೆ ಬಿತ್ತು, ಈಸ್ಟರ್ ಏಪ್ರಿಲ್ 21ಕ್ಕೆ ಹೋಯಿತು. ಆರ್ಥೊಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಹಳೆಯ ಜೂಲಿಯನ್ ಲೆಕ್ಕ ಹಿಡಿದಿರುವುದರಿಂದ ಅವರ ಹಬ್ಬ ಬೇರೆ ದಿನ ಬೀಳುವುದೇ ಹೆಚ್ಚು. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೆ ಕೂಡಿಬಂದವು. ಈಸ್ಟರ್ ಸಿಕ್ಕ ಮೇಲೆ 46 ದಿನ ಹಿಂದೆ ಎಣಿಸಿದರೆ ಉಪವಾಸದ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ, 49 ದಿನ ಮುಂದೆ ಎಣಿಸಿದರೆ ಈಸ್ಟರ್ ಕಾಲ ಮುಗಿಯುವ ಪೆಂತೆಕೋಸ್ತ್.

ಪ್ರಶ್ನೆ: ನಮ್ಮದು ಸಣ್ಣ ಚರ್ಚು. ಶನಿವಾರ ರಾತ್ರಿಯ ಪಾಸ್ಕ (ಈಸ್ಟರ್) ಜಾಗರಣೆಯ ತಯಾರಿ ನಮ್ಮ ಯುವಕ ಸಂಘದ ತಲೆಗೆ ಬಿದ್ದಿದೆ. ಕಳೆದ ವರ್ಷ ದೊಡ್ಡ ಮೇಣದಬತ್ತಿ ಎರಡು ಸಲ ಆರಿತು, ಧೂಪದ ಕಾಳು ನೆಲಕ್ಕೆ ಬಿತ್ತು, ಲೈಟು ಬೇಡದ ಹೊತ್ತಲ್ಲಿ ಹತ್ತಿತು. ಎಲ್ಲಿ ತಪ್ಪಿದೆವು? – ಯುವಕ ಸಂಘ, ಚಾಮರಾಜನಗರ ಜಿಲ್ಲೆ

ಮೂರಕ್ಕೂ ಬೇರೆ ಬೇರೆ ಕಾರಣ.

ಬತ್ತಿ ಆರಲು ಕಾರಣ ಹೆಚ್ಚಾಗಿ ದಾರ. ದಾರ ಉದ್ದವಾದರೆ ಹೊಗೆ, ತೀರ ಗಿಡ್ಡವಾದರೆ ಕರಗಿದ ಮೇಣದಲ್ಲೇ ಮುಳುಗುತ್ತದೆ. ಕಾಲು ಇಂಚಿಗೆ ಸ್ವಲ್ಪ ಮೇಲಿಟ್ಟು ಕತ್ತರಿಸಿ. ಹೊಸ ಬತ್ತಿಯ ದಾರಕ್ಕೆ ಅಂಗಡಿಯಿಂದ ಬರುವಾಗಲೇ ಗಟ್ಟಿ ಮೇಣದ ಗೊಂಡೆ ಅಂಟಿರುತ್ತದೆ. ಮಧ್ಯಾಹ್ನವೇ ಒಂದೆರಡು ನಿಮಿಷ ಹೊತ್ತಿಸಿ ಆರಿಸಿಟ್ಟರೆ ರಾತ್ರಿ ಗಾಳಿಯಲ್ಲೂ ಬೇಗ ಹಿಡಿಯುತ್ತದೆ. ಚರ್ಚಿನ ಹೊರಗೆ ಹಚ್ಚುವ ಬೆಂಕಿಯಿಂದ ನೇರ ದೊಡ್ಡ ಬತ್ತಿಗೆ ಹಚ್ಚಲು ಹೋಗಬೇಡಿ, ತೆಳು ಬತ್ತಿಯೊಂದರಿಂದ ದಾಟಿಸಿ. ಪೀಠದ ಬಳಿಯ ಫ್ಯಾನು ಬಂದ್ ಮಾಡಿಸಿ. ಬೇಸಗೆಯ ಸೆಕೆಗೆ ಬತ್ತಿ ಬಾಗುವುದೂ ಉಂಟು, ತಂದ ದಿನದಿಂದ ನೆರಳಿನಲ್ಲಿ ಅಡ್ಡ ಮಲಗಿಸಿಡಿ, ಗೋಡೆಗೆ ಒರಗಿಸಬೇಡಿ. ಎಣ್ಣೆ ತುಂಬುವ ಪ್ಲಾಸ್ಟಿಕ್ ಬತ್ತಿ ನಡೆಯದು. ನಿಯಮದ ಪ್ರಕಾರ ನಿಜವಾದ ಮೇಣದ್ದೇ ಆಗಬೇಕು, ಪ್ರತಿವರ್ಷ ಹೊಸತು, ಒಂದೇ ಒಂದು.

ಧೂಪದ ಐದು ಕಾಳು ಯೇಸುಸ್ವಾಮಿಯ ಐದು ಗಾಯಗಳ ಗುರುತು. ಗಟ್ಟಿ ಮೇಣಕ್ಕೆ ಒತ್ತಿದರೆ ಮೇಣ ಸೀಳುತ್ತದೆ, ಕಾಳು ಬೀಳುತ್ತದೆ. ಮೊದಲೇ ಮೊಳೆ ಕಾಯಿಸಿ ಐದು ತೂತು ಮಾಡಿಡಿ. ಕ್ರಮ ಹೀಗೆ: ಗುರುಗಳು ಶಿಲುಬೆಯ ಉದ್ದಗೆರೆ, ಆಮೇಲೆ ಅಡ್ಡಗೆರೆ ಕೊರೆಯುತ್ತಾರೆ. ಮೇಲೆ ಗ್ರೀಕ್‌ನ ಮೊದಲ ಅಕ್ಷರ ಆಲ್ಫ, ಕೆಳಗೆ ಕೊನೆಯ ಅಕ್ಷರ ಒಮೇಗ. ವರ್ಷದ ನಾಲ್ಕು ಅಂಕಿ ಶಿಲುಬೆಯ ನಾಲ್ಕು ಮೂಲೆಗೆ, ಮೇಲಿನ ಎಡದಿಂದ ಶುರು. ಕಾಳುಗಳು ಮೇಲೆ, ನಡುವೆ, ಕೆಳಗೆ, ಎಡಕ್ಕೆ, ಬಲಕ್ಕೆ. ಬತ್ತಿಯ ಮೇಲೆ ಇವೆಲ್ಲ ಮೊದಲೇ ಅಚ್ಚಾಗಿ ಬಂದಿದ್ದರೆ ಗುರುಗಳು ಗೆರೆಯ ಮೇಲೆ ಕೈಯಾಡಿಸಿದರೆ ಸಾಕು.

ಇನ್ನು ಲೈಟು. ನೀವು ಮೇನ್ ಸ್ವಿಚ್ ಇಳಿಸಿದ್ದೀರಿ ಅನಿಸುತ್ತದೆ. ಮೇನ್ ಇಳಿಸಿದರೆ ಎಮರ್ಜೆನ್ಸಿ ದೀಪಗಳು ಕರೆಂಟು ಹೋಯಿತೆಂದು ತಾವಾಗಿ ಹತ್ತಿಕೊಳ್ಳುತ್ತವೆ, ಮೈಕೂ ಸಾಯುತ್ತದೆ. ದೀಪದ ಸ್ವಿಚ್‌ಗಳನ್ನೇ ಒಂದೊಂದಾಗಿ ಆರಿಸಿ. ಬೋರ್ಡಿನ ಹತ್ತಿರ ಕ್ರಮ ಗೊತ್ತಿರುವ ಒಬ್ಬನನ್ನೇ ನಿಲ್ಲಿಸಿ: 'ಕ್ರಿಸ್ತಜ್ಯೋತಿ' ಎಂಬ ಹಾಡು ಮೂರು ಸಲ ಬರುತ್ತದೆ, ಬಾಗಿಲಲ್ಲಿ, ನಡುವೆ, ಪೀಠದ ಮುಂದೆ. ಮೂರನೆಯದು ಮುಗಿದ ಮೇಲೆ ಚರ್ಚಿನ ದೀಪ. ಪೀಠದ ಮೇಲಿನ ಬತ್ತಿಗಳು ಅಲ್ಲೂ ಅಲ್ಲ, ಹಳೆಯ ಒಡಂಬಡಿಕೆಯ ವಾಚನಗಳು ಮುಗಿದು ಮಹಿಮಾಗೀತೆ ಎತ್ತುವಾಗ, ಗಂಟೆಗಳ ಜತೆಗೆ.

ಬೆಂಕಿಗೆ ತೆಂಗಿನ ಚಿಪ್ಪು, ಒಣ ಸೌದೆ, ಹೊತ್ತಿಸಲು ಕರ್ಪೂರ ಸಾಕು. ಪೆಟ್ರೋಲ್ ಮುಟ್ಟಲೇಬೇಡಿ, ಗುರುಗಳ ನಿಲುವಂಗಿ ಉದ್ದವಿರುತ್ತದೆ. ಜನರ ಕೈಯ ಬತ್ತಿಗಳಿಗೆ ಕಾಗದದ ಲೋಟದ ತಳ ತೂತು ಮಾಡಿ ತೊಡಿಸಿ. ಉರಿಯುವ ಬತ್ತಿ ನೆಟ್ಟಗಿರಲಿ, ಹೊತ್ತದ ಬತ್ತಿಯನ್ನು ಬಾಗಿಸಿ ಎಂದು ಮೊದಲೇ ಹೇಳಿಬಿಟ್ಟರೆ ಸೀರೆಗಳು ಉಳಿಯುತ್ತವೆ.

ಸಮಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇವೆ. ಬಸ್ಸಿನ ಅನುಕೂಲಕ್ಕೆಂದು ಸಂಜೆ ಆರಕ್ಕೇ ಶುರು ಮಾಡುವವರಿದ್ದಾರೆ. ಏಪ್ರಿಲ್ ಮೊದಲ ವಾರ ನಮ್ಮಲ್ಲಿ ಸೂರ್ಯ ಮುಳುಗುವುದೇ ಆರೂವರೆಗೆ. ಕತ್ತಲಾದ ಮೇಲೆ ಶುರುವಾಗಿ ಬೆಳಕು ಹರಿಯುವ ಮೊದಲು ಮುಗಿಯಬೇಕೆಂಬುದು ನಿಯಮ. ಹಗಲಲ್ಲಿ ಹಚ್ಚಿದ ದೀಪ ಯಾರಿಗೂ ಏನೂ ಹೇಳದು. ಹೊತ್ತು ಉಳಿಸಲೇಬೇಕಾದರೆ ಹಳೆಯ ಒಡಂಬಡಿಕೆಯ ಏಳು ವಾಚನಗಳಲ್ಲಿ ಮೂರಕ್ಕೆ ಇಳಿಸಬಹುದು. ಆದರೆ ಕೆಂಪು ಸಮುದ್ರ ದಾಟುವ ವಿಮೋಚನಾಕಾಂಡ 14 ಬಿಡುವಂತಿಲ್ಲ.

ಪ್ರಶ್ನೆ: ಅಮ್ಮ ತೀರಿಕೊಂಡು ಎಂಟು ತಿಂಗಳು. ಚರ್ಚಿಗೆ ಹೋದರೆ ಅಳು ತಡೆಯುವುದಿಲ್ಲ. "ಪುನರುತ್ಥಾನದಲ್ಲಿ ನಂಬಿಕೆ ಇಲ್ಲವಾ ನಿನಗೆ" ಅಂತ ಅತ್ತೆ ಕೇಳಿದರು. ಈಸ್ಟರ್ ಪೂಜೆಗೆ ಹೋಗಲೇ ಭಯ. – ಓದುಗಿ, ಚಿಕ್ಕಮಗಳೂರು

ಹೋಗಿ, ಅಳು ಬಂದರೆ ಅತ್ತುಬಿಡಿ. ಲಾಜರನನ್ನು ಇನ್ನೇನು ಎಬ್ಬಿಸುವವರಿದ್ದರೂ, ಅವನ ಸಮಾಧಿಗೆ ಹೋಗುವಾಗ ಯೇಸುಸ್ವಾಮಿ ಕಣ್ಣೀರಿಟ್ಟರು (ಯೋವಾನ್ನ 11:35). ಅವರಿಗೆ ನಂಬಿಕೆ ಕಡಿಮೆ ಇತ್ತೆಂದು ಅತ್ತೆ ಹೇಳಲಾರರು. ಸಂತ ಪೌಲರು ಥೆಸಲೋನಿಕದವರಿಗೆ ಬರೆದದ್ದು 'ದುಃಖಿಸಬೇಡಿ' ಎಂದಲ್ಲ, 'ನಿರೀಕ್ಷೆ ಇಲ್ಲದವರಂತೆ ದುಃಖಿಸಬೇಡಿ' ಎಂದು. ವಾಕ್ಯದ ಅರ್ಧ ಹೇಳಿ ಗದರುವ ಅಭ್ಯಾಸ ನಮ್ಮಲ್ಲಿದೆ.

ಪುನರುತ್ಥಾನವಾದ ದೇಹದಲ್ಲಿ ಗಾಯ ಉಳಿದಿತ್ತು ಎಂದೆವಲ್ಲ, ನೋವು ಮಾಯವಾಗಿರಲಿ, ಗುರುತು ಮಾಯವಾಗಿರಲಿಲ್ಲ. ಮೊದಲ ಈಸ್ಟರ್‌ನ ಬೆಳಗ್ಗೆ ಮರಿಯಳು ಸಮಾಧಿಯ ಬಳಿ ನಿಂತು ಅಳುತ್ತಿದ್ದವಳೇ. "ಯಾಕಮ್ಮ ಅಳುತ್ತೀ?" ಎಂದು ಯೇಸುಸ್ವಾಮಿ ಕೇಳಿದರೇ ಹೊರತು ಅಳಬೇಡ ಎನ್ನಲಿಲ್ಲ.

ಕೈಯಲ್ಲಾಗುವ ಕೆಲಸ ಕೆಲವಿವೆ. ಹಬ್ಬದ ಜನಜಂಗುಳಿ ಬೇಡವೆನಿಸಿದರೆ ಬದಿಯ ಬಾಗಿಲ ಹತ್ತಿರ ಕೂತುಕೊಳ್ಳಿ, ಎದ್ದು ಹೋಗಿ ಬರಲು ಸುಲಭ. ಅಮ್ಮನ ಹೆಸರಲ್ಲಿ ಪೂಜೆ ಬರೆಸಿ. ಹಬ್ಬದ ದಿನವೇ ಆಗಬೇಕೆಂದಿಲ್ಲ, ಆ ವಾರದ ಯಾವ ದಿನವಾದರೂ ಸರಿ. ಭಾನುವಾರ ಮಧ್ಯಾಹ್ನ ಸಮಾಧಿಗೆ ಹೂವು ತೆಗೆದುಕೊಂಡು ಹೋಗಿ. ಅಮ್ಮನ ಶವಪೆಟ್ಟಿಗೆಯ ತಲೆದೆಸೆಯಲ್ಲಿ ದೊಡ್ಡ ಬತ್ತಿ ಉರಿಯುತ್ತಿದ್ದುದು ನೆನಪಿದ್ದರೆ, ಅದು ಇದೇ ಪಾಸ್ಕ ಬತ್ತಿ. ದೀಕ್ಷಾಸ್ನಾನದಲ್ಲಿ ಮಗುವಿನ ದೀಪ ಹಚ್ಚುವುದೂ ಅದರಿಂದಲೇ, ಕಡೆಗೆ ಬೀಳ್ಕೊಡುವುದೂ ಅದರ ಬೆಳಕಲ್ಲೇ. ಪೆಂತೆಕೋಸ್ತ್‌ವರೆಗೂ ಅದು ಪೀಠದ ಬಳಿ ಉರಿಯುತ್ತದೆ. ಒಂದು ದಿನ ಅದರ ಹತ್ತಿರದ ಬೆಂಚಿನಲ್ಲಿ ಕೂತು ಬನ್ನಿ.

ಪ್ರಶ್ನೆ: ತಾತ ತಮ್ಮನ್ನು ಸುಡಬೇಕು ಎಂದು ಬರೆದಿಟ್ಟಿದ್ದಾರೆ. ಬೆಂಗಳೂರಲ್ಲಿ ಹೂಳಲು ಜಾಗದ ತಾಪತ್ರಯವೂ ಇದೆ. ಸುಟ್ಟರೆ ಪುನರುತ್ಥಾನಕ್ಕೆ ಅಡ್ಡಿಯೇ? ಬೂದಿಯನ್ನು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಡೋಣ ಅಂತ ಚಿಕ್ಕಪ್ಪ ಹೇಳುತ್ತಾರೆ. – ಓದುಗ, ಬೆಂಗಳೂರು

ಅಡ್ಡಿ ಇಲ್ಲ. ಮಣ್ಣಲ್ಲಿ ನೂರು ವರ್ಷಕ್ಕೆ ಆಗುವುದು ಬೆಂಕಿಯಲ್ಲಿ ಎರಡು ಗಂಟೆಗೆ ಆಗುತ್ತದೆ, ದೇವರಿಗೆ ಎರಡೂ ಒಂದೇ. ಕಥೋಲಿಕ ಸಭೆ 1963ರಿಂದ ದಹನಕ್ಕೆ ಅವಕಾಶ ಕೊಟ್ಟಿದೆ. ಹೂಳುವುದೇ ಮೇಲೆಂದು ಈಗಲೂ ಹೇಳುತ್ತದೆ. ಪುನರುತ್ಥಾನವನ್ನು ನಿರಾಕರಿಸಲೆಂದೇ ಸುಡಿಸಿಕೊಳ್ಳುವುದಾದರೆ ಮಾತ್ರ ತಕರಾರು.

ಆದರೆ ಬೂದಿ ದೇಹವೇ, ಹಾಗಾಗಿ ದೇಹಕ್ಕೆ ಸಲ್ಲುವ ಮರ್ಯಾದೆ ಅದಕ್ಕೂ ಸಲ್ಲಬೇಕು. 2016ರಲ್ಲಿ ರೋಮ್‌ನಿಂದ ಬಂದ ಸೂಚನೆ ಸ್ಪಷ್ಟವಾಗಿದೆ: ಗಾಳಿಗೆ, ನೆಲಕ್ಕೆ, ನೀರಿಗೆ ಚೆಲ್ಲುವಂತಿಲ್ಲ, ಮಕ್ಕಳ ನಡುವೆ ಹಂಚುವಂತಿಲ್ಲ, ಲಾಕೆಟ್ಟಿನಲ್ಲಿ ಹಾಕಿಸುವಂತಿಲ್ಲ. ಸ್ಮಶಾನದಲ್ಲೋ ಚರ್ಚಿನ ಗೊತ್ತಾದ ಜಾಗದಲ್ಲೋ ಹೆಸರು ಬರೆದು ಇಡಬೇಕು. 2023ರ ಕೊನೆಯಲ್ಲಿ ಸ್ವಲ್ಪ ಸಡಿಲಿಕೆ ಬಂತು. ತಾತನ ಬದುಕಿಗೆ ನಂಟಿದ್ದ ಜಾಗದಲ್ಲಿ ಸ್ವಲ್ಪ ಭಾಗ ಇರಿಸಲು ಸಭೆಯ ಅಧಿಕಾರಿಗಳ ಅನುಮತಿ ಕೇಳಬಹುದು. ಚಿಕ್ಕಪ್ಪನವರಿಗೆ ಕಾವೇರಿ ಬೇಡವೆಂದು ಹೇಳಿ. ಬದಲಿಗೆ ಅಜ್ಜಿಯ ಗೋರಿ ಇದ್ದರೆ ಅದರಲ್ಲೇ ಬೂದಿಯ ಮಡಕೆ ಇಡಲು ಸ್ಮಶಾನದ ಕಚೇರಿಯಲ್ಲಿ ವಿಚಾರಿಸಿ, ಜಾಗದ ತಾಪತ್ರಯವೂ ತಪ್ಪುತ್ತದೆ.

ಕ್ರಮ ಹೀಗಿರಲಿ: ಮೊದಲು ದೇಹವನ್ನೇ ಚರ್ಚಿಗೆ ತಂದು ಪೂಜೆ, ಆಮೇಲೆ ದಹನ, ಬೂದಿ ಕೈಸೇರಿದ ಮೇಲೆ ಪ್ರಾರ್ಥನೆಯೊಂದಿಗೆ ಸಮಾಧಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಆಸ್ಪತ್ರೆಯಲ್ಲೇ ತೆಗೆಸಬೇಕು, ಚಿತಾಗಾರದ ಶಾಖಕ್ಕೆ ಅದರ ಬ್ಯಾಟರಿ ಸಿಡಿಯುತ್ತದೆ. ಹಿತ್ತಾಳೆ ಹಿಡಿಯ ಪೆಟ್ಟಿಗೆಗೆ ದುಡ್ಡು ಸುರಿಯುವ ಮೊದಲು ಪೆಟ್ಟಿಗೆಯನ್ನು ಒಳಗೆ ಬಿಡುತ್ತಾರೆಯೇ ಎಂದು ಚಿತಾಗಾರದಲ್ಲಿ ಕೇಳಿ.

ಇನ್ನೊಂದು. ಪವಿತ್ರ ಗುರುವಾರದಿಂದ ಈಸ್ಟರ್ ಭಾನುವಾರದವರೆಗೆ, ಮತ್ತು ಪಾಸ್ಕ ಕಾಲದ ಭಾನುವಾರಗಳಲ್ಲಿ, ಸಾವಿನ ಬಲಿಪೂಜೆ ಇಲ್ಲ. ಆ ದಿನಗಳಲ್ಲಿ ವಾಚನ, ಪ್ರಾರ್ಥನೆಯೊಂದಿಗೆ ಅಂತ್ಯಕ್ರಿಯೆ ಮಾಡಿ ಪೂಜೆಯನ್ನು ಮುಂದಕ್ಕೆ ಇಟ್ಟುಕೊಳ್ಳುತ್ತಾರೆ. ಇದು ಗೊತ್ತಿಲ್ಲದೆ ಶವದ ಮುಂದೆಯೇ ಗುರುಗಳ ಜತೆ ವಾದಕ್ಕೆ ನಿಲ್ಲುವ ಮನೆಗಳಿವೆ.

ಪ್ರಶ್ನೆ: ತಮ್ಮನಿಗೂ ನನಗೂ ತೋಟದ ಭಾಗದ ವಿಷಯಕ್ಕೆ ಮಾತಿಲ್ಲ, ಕೋರ್ಟಿನಲ್ಲಿದೆ. ಈಸ್ಟರ್‌ಗೆ ಪರಮ ಪ್ರಸಾದ ತೆಗೆದುಕೊಳ್ಳಬಹುದೇ? – ಓದುಗ, ಕೊಡಗು

ಕೋರ್ಟಿಗೆ ಹೋದದ್ದೇ ಪಾಪವಲ್ಲ. ಗಡಿಕಲ್ಲು ಎಲ್ಲಿ ಎಂದು ನ್ಯಾಯಾಧೀಶರು ಹೇಳಲಿ. ತಮ್ಮ ಕೆಟ್ಟುಹೋಗಲಿ ಎಂದು ಬಯಸುತ್ತಿದ್ದೀರಾ, ಅವನ ಮಕ್ಕಳು ಎದುರಾದರೆ ಮುಖ ತಿರುಗಿಸುತ್ತೀರಾ, ಪಾಪ ನಿವೇದನೆಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ್ದು ಅದು. ವರ್ಷಕ್ಕೊಮ್ಮೆಯಾದರೂ, ಅದೂ ಪಾಸ್ಕ ಕಾಲದಲ್ಲಿ, ಪರಮ ಪ್ರಸಾದ ಸ್ವೀಕರಿಸಬೇಕೆಂದು ಸಭೆಯ ಕಟ್ಟಳೆಯೇ ಇದೆ. ಆದ್ದರಿಂದ ದೂರ ಉಳಿಯುವುದು ದಾರಿಯಲ್ಲ.

ಯೋವಾನ್ನರ ಶುಭಸಂದೇಶದ 18 ಮತ್ತು 21ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಯೇಸುಸ್ವಾಮಿ ಸೆರೆಯಾದ ರಾತ್ರಿ ಶಿಷ್ಯ ಪೇತ್ರ "ಆತ ನನಗೆ ಗೊತ್ತಿಲ್ಲ" ಎಂದು ಮಾತು ತಪ್ಪಿದ್ದು ಇದ್ದಿಲ ಬೆಂಕಿಗೆ ಮೈ ಕಾಯಿಸುತ್ತ ನಿಂತಾಗ. ಪುನರುತ್ಥಾನದ ನಂತರ ಕೆರೆಯ ದಡದಲ್ಲಿ ಯೇಸುಸ್ವಾಮಿ ಅವನಿಗಾಗಿ ಹೊತ್ತಿಸಿಟ್ಟದ್ದೂ ಇದ್ದಿಲ ಬೆಂಕಿಯೇ. ಮೂಲದಲ್ಲಿ ಎರಡೂ ಕಡೆ ಒಂದೇ ಪದ. ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಸಿಟ್ಟಾಗಲು ಎಲ್ಲ ಕಾರಣವಿದ್ದವರು ಮೊದಲು ಹೇಳಿದ್ದು "ಬನ್ನಿ, ತಿಂಡಿ ತಿನ್ನಿ". ತಿಂದಾದ ಮೇಲೆ ಪ್ರಶ್ನೆ: "ನನ್ನನ್ನು ಪ್ರೀತಿಸುತ್ತೀಯಾ?" ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ.

ನಿಮ್ಮ ಮನೆಯಲ್ಲಿ ಇದನ್ನು ಮಾಡುವುದು ಹೀಗೆ. ಹಬ್ಬದ ದಿನ ನೆಂಟರೆಲ್ಲ ಕೂಡಿದಾಗ ರಾಜಿಗೆ ಇಳಿಯಬೇಡಿ, ನೋಡುವ ಕಣ್ಣು ಹೆಚ್ಚಾದಷ್ಟೂ ಯಾರೂ ಬಗ್ಗುವುದಿಲ್ಲ. ಪಾಸ್ಕ ಕಾಲ ಐವತ್ತು ದಿನ ಇದೆ, ಅವಸರವಿಲ್ಲ. ಒಂದು ಸಾಮಾನ್ಯ ದಿನ ಒಬ್ಬರೇ ಹೋಗಿ. ಕಾಗದಪತ್ರ ಒಯ್ಯಬೇಡಿ, ತಿನ್ನುವುದೇನಾದರೂ ಒಯ್ಯಿರಿ. ಅಪ್ಪ-ಅಮ್ಮನ ಮಾತಾಡಿ, ತೋಟದ ಮಾತು ಅವರೇ ಎತ್ತಿದರೂ "ಅದು ವಕೀಲರಿಗಿರಲಿ" ಎಂದು ಬಿಡಿ. ಬಾಗಿಲು ತೆಗೆಯದಿದ್ದರೆ ಪೊಟ್ಟಣ ಜಗಲಿಯಲ್ಲಿಟ್ಟು ಬನ್ನಿ. ನಿಮ್ಮ ಪಾಲಿನದು ಅಷ್ಟೇ, ಆಮೇಲೆ ಪ್ರಸಾದಕ್ಕೆ ಧೈರ್ಯವಾಗಿ ಹೋಗಿ.

ಪ್ರಶ್ನೆ: ಮಕ್ಕಳಿಗೆ ಗೋಡಂಬಿ ಮಾರ್ಜಿಪಾನ್ ಮೊಟ್ಟೆ ಮಾಡಬೇಕು. ಕಳೆದ ಸಲ ಎಣ್ಣೆ ಬಿಟ್ಟುಕೊಂಡು ಅಚ್ಚಿನಲ್ಲಿ ನಿಲ್ಲಲಿಲ್ಲ. ಮೊಟ್ಟೆಯ ಬಿಳಿ ಹಾಕದೆ ಆಗುತ್ತದೆಯೇ? – ಓದುಗಿ, ಮಂಗಳೂರು

ಎಣ್ಣೆ ಬಿಟ್ಟದ್ದು ಮಿಕ್ಸಿಯ ಬಿಸಿಗೆ. 250 ಗ್ರಾಂ ಗೋಡಂಬಿಯನ್ನು ಮೂರು ಕಂತಾಗಿ, ಒಂದೊಂದು ಸಲ ಎರಡು-ಮೂರು ಸೆಕೆಂಡು ಮಾತ್ರ ತಿರುಗಿಸಿ ನಿಲ್ಲಿಸುತ್ತ ಪುಡಿ ಮಾಡಿ, ಜರಡಿ ಹಿಡಿಯಿರಿ. ಫ್ರಿಜ್ಜಿನಿಂದ ತೆಗೆದ ಗೋಡಂಬಿಯಾದರೆ ತಣುಪು ಆರುವವರೆಗೆ ಕಾಯಿರಿ, ಇಲ್ಲದಿದ್ದರೆ ಪಸೆಗೆ ಮುದ್ದೆಯಾಗುತ್ತದೆ. 160 ಗ್ರಾಂ ಸಕ್ಕರೆಗೆ 80 ಮಿಲಿ ನೀರು, ಒಂದೆಳೆ ಪಾಕ. ಸಣ್ಣ ಉರಿಯಲ್ಲಿ ಪುಡಿ ಬೆರೆಸಿ, ಬಾಣಲೆ ಬಿಟ್ಟು ಉಂಡೆಯಾಗುತ್ತಲೇ ಇಳಿಸಿ. ಒಂದು ಚಮಚ ಗುಲಾಬಿ ನೀರು ಹಾಕಿ ಕೈಗೆ ತಾಳುವಷ್ಟು ಬಿಸಿಯಲ್ಲೇ ನಾದಿ. ಮೆತ್ತಗಾದರೆ ಮತ್ತೆರಡು ನಿಮಿಷ ಉರಿಯ ಮೇಲೆ, ಬಿರುಕು ಬಿಟ್ಟರೆ ಒಂದು ಚಮಚ ಬಿಸಿನೀರು. 15 ಗ್ರಾಂನಂತೆ ಇಪ್ಪತ್ತೈದರ ಹತ್ತಿರ ಮೊಟ್ಟೆಗಳಾಗುತ್ತವೆ. ಅಚ್ಚಿಗೆ ತುಪ್ಪ ಹೆಚ್ಚು ಸವರಿದರೆ ಬಣ್ಣ ಹಿಡಿಯದು. ತೆಳು ಬಟ್ಟೆ ಮುಚ್ಚಿ ರಾತ್ರಿಯಿಡೀ ಆರಿಸಿ.

ಮೊಟ್ಟೆ ಯಾಕೆ ಎಂದು ಮಕ್ಕಳು ಕೇಳಿದರೆ: ಹಿಂದೆ ತಪಸ್ಸು ಕಾಲದಲ್ಲಿ ಮೊಟ್ಟೆಯೂ ವರ್ಜ್ಯವಾಗಿತ್ತು. ಕೋಳಿಗೆ ಉಪವಾಸ ಗೊತ್ತಿಲ್ಲವಲ್ಲ, ಈಸ್ಟರ್ ಹೊತ್ತಿಗೆ ಬುಟ್ಟಿ ತುಂಬುತ್ತಿತ್ತು.

ಪ್ರಶ್ನೆ: ಈಸ್ಟರ್ ಆದ ಮೊದಲ ಶುಕ್ರವಾರ ಮಾಂಸ ತಿನ್ನಬಹುದೇ? – ಓದುಗ, ಮೈಸೂರು

ತಿನ್ನಬಹುದು. ಈಸ್ಟರ್ ಭಾನುವಾರದಿಂದ ಎಂಟು ದಿನಗಳೂ ಮಹೋತ್ಸವದ ದರ್ಜೆಯವು, ಶುಕ್ರವಾರದ ವರ್ಜನೆ ಅಲ್ಲಿಗೆ ಅನ್ವಯಿಸದು. ಅದರ ಮುಂದಿನ ಶುಕ್ರವಾರದಿಂದ ಎಂದಿನಂತೆ.